ನಿಜ್ವಾದ ಪದ್ಧತಿ, ಪುಚೊಂಗಿನ ಅಧ್ಯಕ್ಷರು

ನಮ್ಮ ಎದುರು ಮನೆಯ ತಮಿಳು ಅಮ್ಮ ಶುಕ್ರವಾರ ಸಂಜೆ ಸಾಂಬ್ರಾಣಿ ಹಾಕುತ್ತಾರೆ. ಮಲೇಷ್ಯಾದ ಪುಚೊಂಗಿನ ಈ ಬಹುಮಹಡಿ ಕಾಂಡೊದಲ್ಲಿ ಒಂದು ಮನೆಯ ಹೊಗೆ ಇಡೀ ಮಹಡಿಗೆ ಸೇರಿದ್ದು; ಅದಕ್ಕಾಗಿ ಯಾರೂ ತಕರಾರು ತೆಗೆದವರಿಲ್ಲ. ಆದರೆ ಕಳೆದ ಶುಕ್ರವಾರ ಬಾಗಿಲ ಸಂದಿಯಿಂದ ಒಳಬಂದ ವಾಸನೆ ಬೇರೆಯಾಗಿತ್ತು. ಸಾಂಬ್ರಾಣಿಯ ಸಿಹಿ ಅದರಲ್ಲಿ ಇರಲಿಲ್ಲ. ನಿಂಬೆಯ ಸಿಪ್ಪೆಯನ್ನು ಕೆಂಡಕ್ಕೆ ಹಿಡಿದಂತೆ ಚುರುಕಾದ, ಒಣಗಿದ ವಾಸನೆ. ಬಾಗಿಲು ತೆರೆದು ನೋಡಿದೆ. ಆಕೆ ಧೂಪದ ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು.

"ಮಾಪ್ಪಿಳ್ಳೈ ಮಸ್ಕತ್‌ಲೇರುಂದು ಕೊಂಡುವಂದಾರ್ ಮಾ. ವಾಸನೈ ನಲ್ಲಾ ಇರುಕ್ಕಾ?"

ಅಳಿಯ ಮಸ್ಕತ್ತಿನಿಂದ ತಂದ ಲೋಬಾನ, ಒಮಾನಿನ ಮರದ ಅಂಟು. ಚೆನ್ನಾಗಿದೆ ಎಂದು ಹೇಳಿ ಬಾಗಿಲು ಮುಚ್ಚಿಕೊಂಡೆ. ಚೆನ್ನಾಗಿಯೇ ಇತ್ತು. ಆದರೆ ಆ ವಾಸನೆ ನನ್ನ ಮಟ್ಟಿಗೆ ಒಬ್ಬ ಮನುಷ್ಯನಿಗೆ ಸೇರಿದ್ದು, ಮತ್ತು ಆ ಮನುಷ್ಯನ ಬಗ್ಗೆ ನನ್ನಲ್ಲಿ ಗೌರವ ಉಳಿದಿಲ್ಲ. ತೀರಿಹೋದವರನ್ನು ಕುರಿತ ಬರಹವೆಂದರೆ ಮೃದುವಾಗಿ ಇರಬೇಕೆಂದು ನಿರೀಕ್ಷಿಸುವ ಓದುಗರಿಗೆ ಇದನ್ನು ಮೊದಲೇ ತಿಳಿಸುವುದು ನ್ಯಾಯ.

ಅವರನ್ನು ನಾವೆಲ್ಲ ಅಧ್ಯಕ್ಷರು ಎಂದೇ ಕರೆಯುತ್ತಿದ್ದೆವು. ಉಡುಪಿಯ ಕಡೆಯವರು, ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸಿದವರು. ಒಮಾನಿನ ನಿಜ್ವಾ ಪಟ್ಟಣದಲ್ಲಿ ಹಲವು ವರ್ಷ, ಆಮೇಲೆ ಮೆಲಾಕಾದಲ್ಲಿ ಇನ್ನಷ್ಟು ವರ್ಷ ಪಾಠ ಮಾಡಿ, ನಿವೃತ್ತರಾಗಿ ಪುಚೊಂಗಿನ ಮಗನ ಮನೆಗೆ ಬಂದಿದ್ದರು. ಇಲ್ಲಿನ ನಮ್ಮ ಚಿಕ್ಕ ಕನ್ನಡ ಬಳಗವನ್ನು ಕಟ್ಟಿದವರೂ ಅವರೇ. ಬೇರೆ ಕಡೆ ಸಭೆಗಳು ದೀಪ ಬೆಳಗಿ ಆರಂಭವಾದರೆ, ನಮ್ಮ ಸಭೆ ಅವರು ನಿಜ್ವಾದ ಸಂತೆಯಲ್ಲಿ ಕೊಂಡ ಮಣ್ಣಿನ ಧೂಪದಾನಿಯಲ್ಲಿ ಲೋಬಾನದ ಹರಳು ಹಾಕುವುದರಿಂದ ಆರಂಭವಾಗುತ್ತಿತ್ತು. ಹೊಗೆ ಏಳುವವರೆಗೆ ಯಾರೂ ಮಾತನಾಡಬಾರದು. ಎದ್ದ ಮೇಲೆ ಅವರೊಬ್ಬರೇ ಮಾತನಾಡುತ್ತಿದ್ದರು.

ಬಳಗಕ್ಕೆ ನಿಯಮಗಳನ್ನು ಮಾಡುವ ದಿನ ನಾನು ಎದ್ದು ನಿಂತು, ಚುನಾವಣೆ ಇರಲೇಬೇಕು, ಅಧ್ಯಕ್ಷರಿಗೆ ಅವಧಿ ಇರಲೇಬೇಕು ಎಂದು ವಾದಿಸಿದ್ದೆ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಪೂರ್ವಪಕ್ಷವನ್ನು ಮೊದಲು ಹೇಳಿ ಆಮೇಲೆ ಅದನ್ನು ಕತ್ತರಿಸುವುದು ನನಗೆ ಊಟ ಮಾಡಿದಷ್ಟು ಸಹಜವಾಗಿತ್ತು. ಅವರು ಕೊನೆಯವರೆಗೂ ಕೇಳಿಸಿಕೊಂಡು ನಕ್ಕರು.

"ಎಂತ ಮಾರಾಯ್ತಿ, ಓಟು ಹಾಕಲಿಕ್ಕೆ ಇದೇನು ಪಂಚಾಯ್ತಿಯಾ? ನಿಜ್ವಾದವರು ಇಮಾಮರನ್ನು ಹೇಗೆ ಆರಿಸ್ತಿದ್ರು ಗೊತ್ತುಂಟಾ ನಿಂಗೆ?"

ನನಗೆ ಗೊತ್ತಿರಲಿಲ್ಲ. ಅವರು ಹೇಳಿದರು. ಒಮಾನಿನ ಇಬಾದಿ ಪಂಥದವರಲ್ಲಿ ಇಮಾಮ ಎಂದರೆ ನಾಡಿನ ಧರ್ಮಕ್ಕೂ ಆಡಳಿತಕ್ಕೂ ಒಬ್ಬನೇ ಹಿರಿಯ. ಆ ಪದವಿ ಹುಟ್ಟಿನಿಂದ ಬರುವುದಿಲ್ಲ. ತಿಳಿದವರು ಕೆಲವರು ಕೂತು ಯೋಗ್ಯನೊಬ್ಬನನ್ನು ಆರಿಸುತ್ತಾರೆ, ಉಳಿದವರು ಒಪ್ಪುತ್ತಾರೆ. ಅವನು ದಾರಿ ತಪ್ಪಿದರೆ ಆರಿಸಿದವರೇ ಇಳಿಸಬಹುದು. ತಪ್ಪಿ ನಡೆದವನು ತಿದ್ದಿಕೊಳ್ಳದಿದ್ದರೆ ಜನ ಅವನೊಡನೆ ಜಗಳಕ್ಕೆ ಹೋಗುವುದಿಲ್ಲ; ಒಡನಾಟವನ್ನು ಹಿಂತೆಗೆದುಕೊಳ್ಳುತ್ತಾರೆ. ಯೋಗ್ಯನೇ ಸಿಗದ ಕಾಲದಲ್ಲಿ ಪೀಠವನ್ನು ಖಾಲಿ ಬಿಡುತ್ತಾರೆ, ಅಯೋಗ್ಯನನ್ನು ಮಾತ್ರ ಕೂರಿಸುವುದಿಲ್ಲ...

ಈ ಕೊನೆಯ ಮಾತಿಗೆ ನಾನು ಸೋತೆ. ಚುನಾವಣೆಯನ್ನು ಬಿಟ್ಟುಕೊಟ್ಟೆ. ನಾವು ಐದು ಮಂದಿ ಹಿರಿಯರನ್ನು ಗೊತ್ತು ಮಾಡಿದೆವು, ಅವರು ಇವರನ್ನು ಆರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಅದಕ್ಕೆ 'ನಿಜ್ವಾದ ಪದ್ಧತಿ' ಎಂದು ಹೆಸರಾಯಿತು. ಸಭೆ ಮುಗಿದ ಮೇಲೆ ಅವರು ಅಂಗಿಯ ಜೇಬಿನಿಂದ ಲೋಬಾನದ ಒಂದು ದೊಡ್ಡ ಹರಳು ತೆಗೆದು ನನ್ನ ಕೈಗಿಟ್ಟರು. ಹಾಲು ಬೆರೆತ ಹಸಿರು ಬಣ್ಣದ್ದು. ಒಳ್ಳೆಯ ಎದುರಾಳಿಗೆ ಬಹುಮಾನವಂತೆ.

"ಸುಮ್ಮನೆ ಸುಡಬೇಡ. ಒಂದು ಒಳ್ಳೆ ಸಭೆ ಆದ ದಿವಸ ಹಾಕು."

ಆಗ ನನಗೆ ಅವರ ಮೇಲೆ ಇದ್ದದ್ದು ಭಕ್ತಿಯೇ. ಬರೆಯಲು ನಾಚಿಕೆಯಾದರೂ ಅದು ನಿಜ.

ಮಹಾಮಾರಿ ಬಂದು ಮಲೇಷ್ಯಾ ಬಾಗಿಲು ಹಾಕಿಕೊಂಡಾಗ ಬಳಗ ಝೂಮ್‌ಗೆ ಬಂತು. ಶನಿವಾರ ಸಂಜೆ ಅವರ ಉಪನ್ಯಾಸ. ವಿಷಯ ಒಂದೇ: ಒಮಾನನ್ನು ಆಳಿದ ಯಾರುಬಿ ವಂಶ. ಹೊರಗೆ ಜನ ಕೆಲಸ ಕಳೆದುಕೊಳ್ಳುತ್ತಿದ್ದರು, ವೀಸಾದ ಅವಧಿ ಮುಗಿದವರು ಎಲ್ಲಿಗೆ ಹೋಗುವುದೆಂದು ತಿಳಿಯದೆ ಕೂತಿದ್ದರು. ನಮ್ಮ ಅಧ್ಯಕ್ಷರು ಹಿಂದೆ ಒಂದು ಕೋಟೆಯ ಚಿತ್ರ ಹಾಕಿಕೊಂಡು, ಪಕ್ಕದಲ್ಲಿ ಧೂಪದಾನಿ ಇಟ್ಟುಕೊಂಡು, ಅರಬ್ಬೀ ಇತಿಹಾಸ ಹೇಳುತ್ತಿದ್ದರು. ಪರದೆಯಲ್ಲಿ ಹೊಗೆ ಕಾಣುತ್ತಿತ್ತು, ವಾಸನೆ ಬರುತ್ತಿರಲಿಲ್ಲ. ಬಳಗದ ಆಗಿನ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ನಾನು ವರ್ಣಿಸಲಾರೆ.

ಕಥೆ ಹೇಳುವ ಕಲೆ ಅವರಿಗೆ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಪರಸ್ಪರ ಕಡಿದಾಡುತ್ತಿದ್ದ ಬುಡಕಟ್ಟುಗಳ ನಡುವೆ ಪಂಡಿತರು ಸೇರಿ ಯಾರುಬಿ ಮನೆತನದ ಒಬ್ಬನನ್ನು ಇಮಾಮನನ್ನಾಗಿ ಆರಿಸಿದ್ದು. ಅವನು ಒಂದೊಂದೇ ಊರನ್ನು ಒಗ್ಗೂಡಿಸುತ್ತ ಸಮುದ್ರದವರೆಗೆ ಬಂದದ್ದು. ಅವನ ನಂತರ ಬಂದವನು ಮಸ್ಕತ್ತಿನಿಂದ ಪೋರ್ಚುಗೀಸರನ್ನು ಓಡಿಸಿದ್ದು. ನಿಜ್ವಾದ ಗುಂಡಗಿನ ಕೋಟೆಯ ಮೇಲಿಂದ ಶತ್ರುಗಳ ನೆತ್ತಿಗೆ ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದದ್ದು. ಭೂಮಿಯ ಅಡಿಯಲ್ಲಿ ಕಾಲುವೆ ತೋಡಿ ಬೆಟ್ಟದ ನೀರನ್ನು ತೋಟಗಳಿಗೆ ತಂದದ್ದು. ಹಡಗುಗಳು ಆಫ್ರಿಕಾದ ತೀರದವರೆಗೆ ಹೋದದ್ದು. ಪೆಟಾಲಿಂಗ್ ಜಯಾದ ಕಚೇರಿಯ ಕೆಲಸವನ್ನು ಅಡುಗೆಮನೆಯ ಮೇಜಿನ ಮೇಲೆ ಮಾಡಿ ದಣಿದ ನಮಗೆ ಆ ಖರ್ಜೂರದ ಪಾಕ ಒಂದು ಹಬ್ಬದಂತಿತ್ತು. ಪೋರ್ಚುಗೀಸರು ಬಂದಾಗ ಮಕ್ಕಳೂ ಓಡಿಬಂದು ಕೂರುತ್ತಿದ್ದರು. ಅವರದೇ ಹಾಳುಬಿದ್ದ ಕೋಟೆಯನ್ನು ಮಕ್ಕಳು ಮೆಲಾಕಾದಲ್ಲಿ ನೋಡಿದ್ದರಲ್ಲ.

ಆದರೆ ಕಥೆ ಅಲ್ಲಿಂದ ಮುಂದೆ ಹೋಗಲೇ ಇಲ್ಲ. "ಮುಂದಿನ ವಾರ ಇಳಿಕೆ" ಎನ್ನುತ್ತಿದ್ದರು. ಮುಂದಿನ ವಾರ ಬಂದರೆ ಮತ್ತೆ ಮಸ್ಕತ್ತಿನ ವಿಜಯ, ಮತ್ತೆ ಅದೇ ಪಾಕ. ವಂಶ ಹೇಗೆ ಕುಸಿಯಿತೆಂದು ನಾನು ಕೇಳಿದಾಗಲೆಲ್ಲ, "ಗಡಿಬಿಡಿ ಎಂತಕ್ಕೆ? ಲಾಕ್‌ಡೌನ್ ಉಂಟಲ್ಲ" ಎಂದು ನಗುತ್ತಿದ್ದರು. ಉತ್ತರಕ್ಕೆ ಕಾಯದೆ ನಾನೇ ಓದಿಕೊಂಡೆ. ಓದಿದ ಮೇಲೆ ಅವರು ಯಾಕೆ ಅಲ್ಲಿಗೆ ಹೋಗುವುದಿಲ್ಲ ಎಂಬುದು ತಿಳಿಯಿತು. ಆರಿಸಿ ಕೂರಿಸಿದ ಪದವಿ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿಯತೊಡಗಿತು. ಪಂಡಿತರು ಪ್ರತಿ ಬಾರಿಯೂ 'ಆರಿಸಿದೆವು' ಎಂದು ಮುಖ ಉಳಿಸಿಕೊಂಡರು. ಕೊನೆಗೆ ಪೀಠ ಒಬ್ಬ ಎಳೆಯ ಹುಡುಗನ ಮುಂದೆ ಬಂದು ನಿಂತಿತು. ಪ್ರಾರ್ಥನೆಗೆ ಮುಂದೆ ನಿಂತು ನಡೆಸುವ ವಯಸ್ಸೇ ಆಗದವನು ನಾಡನ್ನು ಹೇಗೆ ನಡೆಸಿಯಾನೆಂದು ಪಂಡಿತರು ಕೇಳಿದರು. ಬುಡಕಟ್ಟಿನವರಿಗೆ ಆ ಪ್ರಶ್ನೆ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಆ ಮನೆತನದ ಕುಡಿ. ಅಂತರ್ಯುದ್ಧ ಅಲ್ಲಿಂದ ಶುರುವಾಯಿತು.

ನಾನು ಇದನ್ನು ಓದಿ ಮುಗಿಸುವಷ್ಟರಲ್ಲೇ, ಒಂದು ಶನಿವಾರ, ಅವರು ಪರದೆಯಲ್ಲಿ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: ತಮಗೆ ರಕ್ತದೊತ್ತಡ, ಇನ್ನು ಬಳಗದ ಅಧ್ಯಕ್ಷತೆಯನ್ನು ಇವನೇ ನೋಡಿಕೊಳ್ಳುತ್ತಾನೆ, ಬಳಗದ ಫೋನೂ ಇವನ ಬಳಿಯೇ ಇರುತ್ತದೆ, ಉಪನ್ಯಾಸ ಮಾತ್ರ ತಮ್ಮದೇ ಮುಂದುವರಿಯುತ್ತದೆ. ನಮ್ಮ ಐದು ಹಿರಿಯರಲ್ಲಿ ಇಬ್ಬರು ಲಾಕ್‌ಡೌನಿಗೆ ಮೊದಲೇ ಊರಿಗೆ ಮರಳಿದ್ದರು. ಉಳಿದವರು ಹೆಬ್ಬೆಟ್ಟು ಎತ್ತಿದ ಚಿತ್ರ ಒತ್ತಿದರು. ಒಂದರ ಹಿಂದೆ ಒಂದರಂತೆ ಹೆಬ್ಬೆಟ್ಟುಗಳು ತೇಲಿ ಮೇಲೆ ಹೋದವು. ನಿಜ್ವಾದ ಪದ್ಧತಿ ಸತ್ತದ್ದು ಹೀಗೆ. ಅದಕ್ಕೆ ಒಂದು ಕತ್ತಿಯೂ ಬೇಕಾಗಲಿಲ್ಲ.

ಮಗ ಮಲೇಷ್ಯಾದಲ್ಲೇ ಓದಿ ಬೆಳೆದವನು, ಮೂವತ್ತು ದಾಟಿದವನು, ಕೆಟ್ಟವನಲ್ಲ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರುತ್ತಿತ್ತು. ಕನ್ನಡದ ಅಕ್ಷರ ಮಾತ್ರ ಒಂದೂ ಓದಲು ಬರುತ್ತಿರಲಿಲ್ಲ. ಕನ್ನಡ ಬಳಗದ ಅಧ್ಯಕ್ಷನಿಗೆ ಕನ್ನಡ ಓದಲು ಬಾರದು ಎಂಬುದು ಆ ಇಡೀ ಪರದೆಯಲ್ಲಿ ಯಾರಿಗೂ ಅಡ್ಡಿಯೆನಿಸಲಿಲ್ಲ.

ಅಡ್ಡಿಯಾದದ್ದು ಧಾರವಾಡದ ಒಬ್ಬ ಹೆಣ್ಣುಮಗಳಿಗೆ. ಗಂಡನ ಜೊತೆ ಸ್ವಲ್ಪ ಕಾಲ ಇರಲೆಂದು ಬಂದವಳು ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡಿದ್ದಳು. ಗರ್ಭಿಣಿ. ಗಂಡನ ಗುತ್ತಿಗೆ ಮುಗಿದು ವಿಮೆಯೂ ಹೋಗಿತ್ತು. ಊರಿಗೆ ಹೋದರೆ ತಾಯಿ ಇದ್ದರು, ಹೆರಿಗೆಗೆ ಮನೆ ಇತ್ತು. ಇಲ್ಲಿ ಉಳಿದರೆ ಎರಡೂ ಇರಲಿಲ್ಲ. ಅದೇ ಹೊತ್ತಿಗೆ ಇಲ್ಲಿನ ಕೆಲವು ಭಾರತೀಯ ಸಂಘಗಳು ಸೇರಿ ಬೆಂಗಳೂರಿಗೆ ಒಂದು ವಿಶೇಷ ವಿಮಾನ ಗೊತ್ತುಮಾಡಿದವು. ಪ್ರತಿ ಸಂಘದ ಅಧ್ಯಕ್ಷರು ತಮ್ಮವರ ಹೆಸರು ಕೊಡಬೇಕು. ನಮ್ಮ ಬಳಗಕ್ಕೂ ಕೆಲವು ಆಸನಗಳಿದ್ದವು. ಆ ವಿಮಾನ ತಪ್ಪಿದರೆ ಇನ್ನೊಂದು ಬರುವಷ್ಟರಲ್ಲಿ ಅವಳ ದಿನ ತುಂಬಿ, ಯಾವ ವಿಮಾನವೂ ಅವಳನ್ನು ಹತ್ತಿಸಿಕೊಳ್ಳುವ ಹಾಗಿರಲಿಲ್ಲ.

ಅವಳು ಬಳಗದ ಫೋನಿಗೆ ಸಂದೇಶ ಕಳಿಸಿದಳು. ಕನ್ನಡ ಬಳಗವಲ್ಲವೇ, ಕನ್ನಡದಲ್ಲೇ ಬರೆದಳು. ನಮಸ್ಕಾರದಿಂದ ಆರಂಭಿಸಿ ತನ್ನ ಸ್ಥಿತಿಯನ್ನು ಉದ್ದಕ್ಕೆ, ಅಚ್ಚುಕಟ್ಟಾಗಿ ವಿವರಿಸಿದಳು. ಅಧ್ಯಕ್ಷನ ಉತ್ತರ ಬೇಗನೇ ಬಂತು. ಕೈ ಮುಗಿದ ಚಿತ್ರ, ಅದರ ಪಕ್ಕದಲ್ಲಿ ಒಂದು ಹೂವು.

ಅವಳು ಪೆಟ್ಟಿಗೆ ಕಟ್ಟಿಟ್ಟುಕೊಂಡು ಕಾದಳು. ವಿಮಾನ ಹೋದ ಮರುದಿನ ನನಗೆ ಫೋನು ಮಾಡಿದಳು.

"ಅಕ್ಕಾರ, ನನ್ನ ಹೆಸರು ಯಾಕ ಬರಲಿಲ್ಲರೀ? ಅವರು ಕೈ ಮುಗದಿದ್ದರಲ್ಲ. ಅಂದ್ರ ಆತು ಅಂತನ ಅಲ್ಲೇನ್ರಿ?"

ನಾನು ಅಧ್ಯಕ್ಷನಿಗೆ ಫೋನು ಮಾಡಿದೆ. ಪಾಪ, ಅವನು ನಿಜವಾಗಿಯೂ ಗಾಬರಿಯಾದ. "ಓ ಗಾಡ್. ಸಾರಿ ಆಂಟಿ, ಐ ಥಾಟ್ ಇಟ್ ವಾಸ್ ಸಮ್ ಫೆಸ್ಟಿವಲ್ ವಿಶಸ್ ಲಾ. ಕನ್ನಡದಲ್ಲಿ ಬರೋದೆಲ್ಲ ಯೂಶುವಲಿ ವಿಶಸ್ ತಾನೆ?" ಅವನ ಮಟ್ಟಿಗೆ ಅದು ಸತ್ಯವೇ ಆಗಿತ್ತು. ಅವನ ಬದುಕಿನಲ್ಲಿ ಕನ್ನಡದ ಅಕ್ಷರಗಳು ಯುಗಾದಿಗೆ, ದೀಪಾವಳಿಗೆ, ಯಾರದೋ ಗೃಹಪ್ರವೇಶಕ್ಕೆ ಬರುವ ಅಲಂಕಾರ. ಅಲಂಕಾರಕ್ಕೆ ಕೈ ಮುಗಿಯಲು ಅವನಿಗೆ ಮನೆಯಲ್ಲಿ ಕಲಿಸಿದ್ದರು. ನಮ್ಮ ಆಸನಗಳಲ್ಲಿ ಒಂದು ಖಾಲಿಯಾಗಿಯೇ ಹಾರಿಹೋಗಿತ್ತು.

ಅವನ ಮೇಲೆ ನನಗೆ ಬಂದದ್ದು ಬೇಸರ. ತಿರಸ್ಕಾರಕ್ಕೆ ಪಾತ್ರರಾದವರು ತಂದೆ. ಅವರಿಗೆ ಎಲ್ಲವೂ ಗೊತ್ತಿತ್ತು. ಮಗನಿಗೆ ಓದಲು ಬಾರದೆಂದೂ ಗೊತ್ತಿತ್ತು, ಓದಲು ಬಾರದವನನ್ನು ಕೂರಿಸಿದರೆ ಏನಾಗುತ್ತದೆಂದು ಇತಿಹಾಸವೂ ಗೊತ್ತಿತ್ತು. ತಿಳಿಯದೆ ತಪ್ಪು ಮಾಡುವವರ ಬಗ್ಗೆ ನನಗೆ ಮರುಕ ಇದೆ. ತಿಳಿದದ್ದನ್ನು ಶನಿವಾರದ ಮನರಂಜನೆಯಾಗಿ ಹಂಚಿ, ಭಾನುವಾರ ಅದನ್ನು ಮನೆಯ ಹೊರಗೆ ಬಿಡುವವರ ಬಗ್ಗೆ ಇಲ್ಲ.

ಮುಂದಿನ ಶನಿವಾರ ಧೂಪದ ಹೊಗೆ ಏಳುವುದಕ್ಕೂ ಕಾಯದೆ ನಾನು ಮಾತು ಎತ್ತಿದೆ.

"ಸರ್, ಪ್ರಾರ್ಥನೆ ನಡೆಸಲು ಬಾರದವನು ಇಮಾಮ ಆಗಬಹುದೇ?"

"ಅದು ಮುಂದಿನ ವಾರದ ವಿಷಯ ಮಾರಾಯ್ತಿ."

"ಒಂದು ವಾರ ಆಗಲೇ ತಡವಾಗಿದೆ ಸರ್. ಕನ್ನಡ ಓದಲು ಬಾರದವನು ಕನ್ನಡ ಬಳಗದ ಅಧ್ಯಕ್ಷ ಆಗಬಹುದೇ? ನೀವೇ ತಂದ ಪದ್ಧತಿ. ಆರಿಸಿದವರು ಇಳಿಸಬಹುದು ಅಂದಿರಿ. ಯೋಗ್ಯರಿಲ್ಲದಿದ್ದರೆ ಪೀಠ ಖಾಲಿ ಇರಲಿ ಅಂದಿರಿ."

ಅವರ ಮುಖ ಕೆಂಪಾಯಿತು. "ಹುಡುಗ ಅಲ್ವಾ, ಕಲೀತಾನೆ. ಒಂದು ಮೆಸೇಜ್ ತಪ್ಪಿದ್ದಕ್ಕೆ ಇಷ್ಟು ಗಲಾಟೆಯಾ? ನಾ ಕಟ್ಟಿದ ಬಳಗ ಇದು, ಗೊತ್ತುಂಟಾ? ಬೇರೆಯವರಿಗೆ ಕೊಟ್ಟರೆ ಉಳೀತದಾ ಇದು?"

ಧಾರವಾಡದವಳೂ ಅಂದು ಪರದೆಯಲ್ಲಿದ್ದಳು, ದಿಂಬಿಗೆ ಒರಗಿ. ಆ 'ಒಂದು ಮೆಸೇಜ್' ತಾನೇ ಎಂದು ತಿಳಿದು ಅವಳು ಕ್ಯಾಮೆರಾ ಆರಿಸಿದಳು. ನಾನು ಬಾಯಿ ತೆರೆದೆ; ನನ್ನ ಧ್ವನಿ ಹೋಗಲಿಲ್ಲ. ಪರದೆಯ ಮೇಲೆ ಒಂದು ಸಾಲು ಮೂಡಿತು: ನನ್ನನ್ನು ಮ್ಯೂಟ್ ಮಾಡಲಾಗಿತ್ತು. ಕಾಲೇಜಿನ ಎಷ್ಟೋ ವೇದಿಕೆಗಳಲ್ಲಿ ನಾನು ಸೋತಿದ್ದೇನೆ, ಗೆದ್ದಿದ್ದೇನೆ. ಎದುರಾಳಿಯ ಬಾಯಿಯನ್ನೇ ಒಂದು ಗುಂಡಿಯಿಂದ ಮುಚ್ಚಿ, ಮಸ್ಕತ್ತಿನ ವಿಜಯಕ್ಕೆ ಮರಳಿದ ವಾಗ್ಮಿಯನ್ನು ಮಾತ್ರ ಅದಕ್ಕೆ ಮೊದಲು ಕಂಡಿರಲಿಲ್ಲ.

ಆಮೇಲೆ ನಾವು ಮಾಡಿದ್ದು ಅವರೇ ಕಲಿಸಿದ್ದನ್ನು. ಯಾರೂ ಜಗಳಕ್ಕೆ ಹೋಗಲಿಲ್ಲ. ಒಡನಾಟವನ್ನು ಹಿಂತೆಗೆದುಕೊಂಡೆವು. ಒಂದೊಂದು ಶನಿವಾರಕ್ಕೆ ಕೆಲವು ಚೌಕಗಳು ಪರದೆಯಿಂದ ಕಡಿಮೆಯಾದವು. ಬಳಗದ ಹೆಂಗಸರು ಬೇರೆಯೇ ಒಂದು ಗುಂಪು ಮಾಡಿಕೊಂಡು ಧಾರವಾಡದವಳ ಬಾಣಂತನವನ್ನು ಹೊತ್ತುಕೊಂಡರು. ಒಳಗೆ ಹೋಗುವ ಹಾಗಿರಲಿಲ್ಲ. ಬಾಣಂತಿಯ ಸಾರು, ಅಂಟಿನುಂಡೆ, ಮಗುವಿಗೆ ಹಳೆಯ ಮೆದು ಬಟ್ಟೆ, ಎಲ್ಲವನ್ನೂ ಇಲ್ಲಿನ ಹೋಟೆಲುಗಳು ಕಟ್ಟಿಕೊಡುವ ತಪಾವ್ ಪೊಟ್ಟಣಗಳಂತೆ ಕಟ್ಟಿ ಬಾಗಿಲ ಹಿಡಿಕೆಗೆ ನೇತುಹಾಕಿ ಬರುತ್ತಿದ್ದೆವು. ಎದುರು ಮನೆಯ ತಮಿಳು ಅಮ್ಮನೇ ಫೋನಿನ ಪರದೆಯಲ್ಲಿ ಕೂತು, ಮಗುವಿಗೆ ಎಣ್ಣೆ ಹಚ್ಚುವುದನ್ನು ಗಂಡನಿಗೆ ಹೇಳಿಕೊಟ್ಟರು. ಆ ಗುಂಪಿಗೆ ಅಧ್ಯಕ್ಷರು ಇರಲಿಲ್ಲ. ಇರಬೇಕೆಂದು ಯಾರಿಗೂ ಅನಿಸಲೂ ಇಲ್ಲ. ತಾಯಿಯ ಕೈ ಹಿಡಿಯದೆ ಚೊಚ್ಚಲು ಹೆತ್ತ ಆ ಹುಡುಗಿಗೆ ನಾವು ಮಾಡಿದ್ದು ಸಾಲುತ್ತಿರಲಿಲ್ಲ ಎಂಬುದೂ ನನಗೆ ಗೊತ್ತು. ಒಂದು ಮಧ್ಯಾಹ್ನ ಬಾಗಿಲ ಆ ಕಡೆಯಿಂದ ಅವಳ ಅಳು ಕೇಳಿತು. ಪೊಟ್ಟಣ ನೇತುಹಾಕಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ... ಮಗು ತೆವಳುವ ಹೊತ್ತಿಗೆ ಅವರು ಊರು ಸೇರಿದರು.

ಆ ನಡುವೆ ಒಂದು ಶನಿವಾರ, ಉಪನ್ಯಾಸ ಇನ್ನೂ ನಡೆಯುತ್ತಿದೆಯೇ ಎಂದು ನೋಡಲು, ನನ್ನ ಮಗಳ ಟ್ಯಾಬಿನಿಂದ ಆ ಕೊಂಡಿಯನ್ನು ಒತ್ತಿದೆ. ಅದರಲ್ಲಿ ನನ್ನ ಹೆಸರು ಕಾಣುತ್ತಿರಲಿಲ್ಲ. ನನ್ನದು ಬಿಟ್ಟರೆ ಪರದೆಯಲ್ಲಿ ಎರಡೇ ಚೌಕ: ಒಂದು ಅವರದು, ಇನ್ನೊಂದು ಕ್ಯಾಮೆರಾ ಮುಚ್ಚಿಕೊಂಡ ಮಗನದು. ಅವರು ಇಳಿಕೆಯನ್ನು ಹೇಳುತ್ತಿದ್ದರು.

ಕೊನೆಗೂ. ಪಂಡಿತರು ಹುಡುಗನನ್ನು ತೋರಿಸಿ ಗುಂಪನ್ನು ಸಮಾಧಾನಪಡಿಸಿ, ಯೋಗ್ಯನೊಬ್ಬನನ್ನು ಗುಟ್ಟಾಗಿ ಕೋಟೆಯೊಳಗೆ ಕರೆತಂದದ್ದು. ಅದು ಬಯಲಾಗಿ ರಕ್ತ ಹರಿದದ್ದು. ಹುಡುಗ ದೊಡ್ಡವನಾಗಿ ಪೀಠ ಏರಿದ್ದು. ಅವನು ಬೇಡವೆಂದು ಜನ ಬೇರೊಬ್ಬನನ್ನು ಆರಿಸಿದಾಗ, ಪೀಠ ಉಳಿಸಿಕೊಳ್ಳಲು ಅವನೇ ಪರ್ಷಿಯನ್ನರ ಸೈನ್ಯವನ್ನು ನಾಡಿಗೆ ಕರೆದದ್ದು. ನೆರವಿಗೆ ಬಂದವರು ಕೋಟೆಗಳಲ್ಲಿ ಕೂತದ್ದು. ಪೋರ್ಚುಗೀಸರನ್ನು ಓಡಿಸಿದವನ ವಂಶದವನೇ ಹೊರಗಿನವರಿಗೆ ಮಸ್ಕತ್ತಿನ ಬಾಗಿಲು ತೆರೆದುಕೊಟ್ಟು, ಎಲ್ಲ ಕಳೆದುಕೊಂಡು ತೀರಿಹೋದದ್ದು... ಅಷ್ಟು ಚೆನ್ನಾಗಿ ಅವರು ಎಂದೂ ಹೇಳಿರಲಿಲ್ಲ. ಒಂದು ಅಲಂಕಾರದ ಮಾತಿಲ್ಲ, ಪಾಕವಿಲ್ಲ. ಧೂಪದಾನಿಯೂ ಕಾಣಲಿಲ್ಲ.

ಮುಗಿಸಿ, ವಾಡಿಕೆಯಂತೆ ಕನ್ನಡಕ ತೆಗೆದು ಕೇಳಿದರು: "ಪ್ರಶ್ನೆ ಉಂಟಾ?"

ನನ್ನನ್ನು ಆ ದಿನ ಯಾರೂ ಮ್ಯೂಟ್ ಮಾಡಿರಲಿಲ್ಲ. ಆದರೆ ನನ್ನ ಪ್ರಶ್ನೆಯನ್ನು ನಾನು ಆಗಲೇ ಕೇಳಿದ್ದೆ, ಅದಕ್ಕೆ ಉತ್ತರವೂ ಸಿಕ್ಕಿತ್ತು. ಕೇಳುವವರಿಲ್ಲದಾಗ ಸತ್ಯ ಹೇಳುವುದು ಸುಲಭ. ಅದಕ್ಕೆ ಧೈರ್ಯವೆಂಬ ಹೆಸರನ್ನು ನಾನು ಕೊಡಲಾರೆ. ಟ್ಯಾಬನ್ನು ಮುಚ್ಚಿದೆ.

ಎರಡನೆಯ ವರ್ಷದ ಅಲೆಯಲ್ಲಿ ಅವರು ಹೋದರು. ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ನಮ್ಮಲ್ಲಿ ಯಾರಿಗೂ ನೋಡಲಾಗಲಿಲ್ಲ. ಮಗ ಗುಂಪಿಗೆ ಇಂಗ್ಲಿಷಿನಲ್ಲಿ ತಿಳಿಸಿದ. ಸ್ವಲ್ಪ ಹೊತ್ತಿಗೆ ನನಗೆ ಬೇರೆಯಾಗಿ ಬರೆದ: ಫೋಟೋದ ಕೆಳಗೆ ಅಪ್ಪನ ಹೆಸರನ್ನು ಕನ್ನಡದಲ್ಲಿ ಹಾಕಬೇಕೆಂದಿದ್ದೇನೆ, ದಯವಿಟ್ಟು ಬರೆದು ಕಳಿಸುವಿರಾ ಆಂಟಿ? ನಾನು ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು ಫೋಟೋ ಕಳಿಸಿದೆ. ಕೈ ಮುಗಿದ ಚಿತ್ರ ಬಂತು. ಈಗಲೂ ಯುಗಾದಿಗೆ ಅವನಿಂದ ಅದು ಬರುತ್ತದೆ. ನಾನು ಅದನ್ನು ಯಾವುದಕ್ಕೂ ಒಪ್ಪಿಗೆಯೆಂದು ತಿಳಿಯುವುದಿಲ್ಲ.

ಬಳಗ ಮತ್ತೆ ಕೂಡಲಿಲ್ಲ. ಮಹಾಮಾರಿ ಮುಗಿದ ಮೇಲೆ ನಾನು ಎರಡು ಬಾರಿ ಕರೆದೆ. ಬಂದವರು ಊಟ ಮಾಡಿ, ಹಳೆಯ ಖರ್ಜೂರದ ಪಾಕದ ಕಥೆಯನ್ನು ನೆನೆದು ನಕ್ಕು, ಅಧ್ಯಕ್ಷರು ಯಾರಾಗಬೇಕೆಂದು ಕೇಳಿದಾಗ ಎಲ್ಲರೂ ನನ್ನತ್ತ ನೋಡಿ, ಆಮೇಲೆ ತಮ್ಮ ಚಪ್ಪಲಿಗಳನ್ನು ಹುಡುಕಿದರು. ಅವರನ್ನು ಮಾತಿನಿಂದ ಹಿಡಿದು ಕೂರಿಸುವ ಶಕ್ತಿ ಒಬ್ಬರಿಗೆ ಇತ್ತು. ಆ ಶಕ್ತಿಯನ್ನು ಅವರು ಯಾವುದಕ್ಕೆ ಬಳಸಿದರೆಂದು ನೆನೆದಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಅಂಥ ಇನ್ನೊಬ್ಬರು ಸಿಗಲಿಲ್ಲ ಎಂಬುದಕ್ಕೆ ಬರುವುದು ಬೇರೆ ಏನೋ. ಅದಕ್ಕೆ ನನ್ನ ಬಳಿ ಸರಿಯಾದ ಪದವಿಲ್ಲ.

ಕಳೆದ ಶುಕ್ರವಾರ ಬಾಗಿಲು ಮುಚ್ಚಿಕೊಂಡ ಮೇಲೆ ಮೇಜಿನ ಖಾನೆ ತೆರೆದು ಆ ಹರಳನ್ನು ಹುಡುಕಿ ತೆಗೆದೆ. ಹಸಿರು ಸ್ವಲ್ಪ ಮಂಕಾಗಿದೆ. ಮೂಗಿಗೆ ಹಿಡಿದರೆ ವಾಸನೆ ಇನ್ನೂ ಇದೆ, ತುಂಬ ಸಣ್ಣದಾಗಿ. ಎದುರು ಮನೆಯ ಧೂಪ ಆರುತ್ತ ಬಂದಿತ್ತು. ತಮಿಳು ಅಮ್ಮನಿಗೆ ಕೊಟ್ಟುಬಿಡೋಣ, ಸುಟ್ಟುಕೊಳ್ಳಲಿ, ಎಂದುಕೊಂಡು ಬಾಗಿಲವರೆಗೆ ಹೋದೆ. ಒಂದು ಒಳ್ಳೆಯ ಸಭೆಯಾದ ದಿನ ಹಾಕು ಎಂದಿದ್ದರು.

ಹಿಂತಿರುಗಿ ಬಂದು ಖಾನೆಯಲ್ಲೇ ಇಟ್ಟೆ.